ಮೂವತ್ತೆಂಟು ಜನರನ್ನು ಕೊಂದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಒಂದೇ ಮಧ್ಯಾಹ್ನದಲ್ಲಿ ನಮ್ಮ ವಂಶದ ಮೂವತ್ತೆಂಟು ಜನರನ್ನು ಕೊಂದರು. ಗಾಬರಿಯಾಗಬೇಡಿ, ಮೂವತ್ತೇಳು ಜನರನ್ನು ಅದೇ ವಾರ ಬದುಕಿಸಿಯೂ ಕೊಟ್ಟರು! ಸತ್ತವರಲ್ಲಿ ನಾನೂ ಒಬ್ಬಳು, ಬದುಕಿ ಬಂದವರಲ್ಲೂ ಒಬ್ಬಳು. ಹಾಗಾಗಿ ಇದನ್ನು ಬರೆಯುವ ಅಧಿಕಾರ ನನಗಿದೆ.

ಮಧುಗಿರಿಯ ಕೋರ್ಟಿನ ಹಿಂದೆ ಅವರದೊಂದು ಕೋಣೆ. ಮೊದಲು ಅಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದರು, ಈಗ ಕಲ್ಯಾಣಮಂಟಪ, ಅಕ್ಕಿ ಗಿರಣಿಗಳಿಗೆ ವೆಬ್‌ಸೈಟ್ ಮಾಡುತ್ತಾರೆ. ಸಂಜೆಗೆ ಮೊದಲೇ ಬೆಟ್ಟದ ನೆರಳು ಆ ಕೋಣೆಯೊಳಗೆ ಬಂದು ಕೂರುತ್ತದೆ. ಚಿಕ್ಕಪ್ಪ ದೀಪ ಹಾಕುವುದಿಲ್ಲ. ಪರದೆಯ ಬೆಳಕಿನಲ್ಲಿ ಮುಖ ಮಾತ್ರ ಕಾಣುತ್ತದೆ, ಅದೂ ಪರದೆಯೊಡನೆ ಮಾತಾಡುತ್ತಿರುತ್ತದೆ: "ನೀನ್ಯಾರ ಮಗನಪ್ಪ? ನಿಮ್ಮಪ್ಪ ಯಾರು?"

ಅವರದು ಒಂದೇ ಸಿದ್ಧಾಂತ. "ಒಳಗಿರೋದಕ್ಕೆ ಹೊರಗಿಂದು ಗೊತ್ತಿರಲ್ಲ ಕಣಮ್ಮ. ನಾವೇ ಹೇಳಿ ಕಳಿಸ್ಬೇಕು." ಇದು ಕಂಪ್ಯೂಟರಿಗೆ ಮಾತ್ರವೇ? ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯೊಳಗಿನ ಚಮಚಕ್ಕೂ 'ಉಪ್ಪಿನ ಡಬ್ಬಿಯದು' ಎಂದು ಚೀಟಿ! ಬಡವನಹಳ್ಳಿಯ ಮದುವೆಯೊಂದರಲ್ಲಿ ಮಕ್ಕಳ ಬೆನ್ನಿಗೆಲ್ಲ 'ಇಂಥವರ ಮಗ, ಇಂಥವರ ಮೊಮ್ಮಗ' ಎಂದು ಅಂಟಿಸಿದರು. ಹುಮ್ಮಸ್ಸಿನಲ್ಲಿ ಫೋಟೋಗ್ರಾಫರನ ಬೆನ್ನಿಗೂ ಒಂದು ಬಿತ್ತು. ಪಾಪ, ಆತ ದೊಡ್ಡಪ್ಪನ ಎರಡನೇ ಮಗನಾಗಿ ಮೊದಲ ಪಂಕ್ತಿಯಲ್ಲೇ ಉಂಡು ಹೋದ.

ಇಂಥವರು ನಮ್ಮ ವಂಶಾವಳಿಯ ವೆಬ್‌ಸೈಟ್ ಮಾಡಲು ಹೊರಟರು. ಮನೆಯ ಯಜಮಾನನಿಗೊಂದು ಪುಟ, ಅದರೊಳಗೆ ಹೆಂಡತಿ ಮಕ್ಕಳಿಗೆ ಒಂದೊಂದು ಚಿಕ್ಕ ಕಾರ್ಡು. ಪುಟಕ್ಕೊಂದು ಅಚ್ಚು, ಕಾರ್ಡಿಗೆ ಇನ್ನೊಂದು. ಇವಕ್ಕೆ ಟೆಂಪ್ಲೇಟ್ ಎನ್ನುತ್ತಾರಂತೆ. ತಾನು ಯಾರ ಪುಟದೊಳಗೆ ಕೂತಿದ್ದೇನೆಂದು ಕಾರ್ಡಿಗೆ ತಿಳಿಯದು. ಅದಕ್ಕೇ ಚಿಕ್ಕಪ್ಪ ಒಂದು ಸಾಲು ಬರೆದರು: ಕಾರ್ಡಿನಲ್ಲಿ ಯಾವ ಜಾಗ ಖಾಲಿಯಿದೆಯೋ ಅಲ್ಲಿಗೆ ಮೇಲಿನ ಪುಟದಲ್ಲಿರುವುದೇ ಇಳಿದು ಬರಲಿ. "ಊರು, ಮನೆದೇವ್ರು ಎಲ್ಲಾ ಒಂದ್ಸಲ ಬರುದ್ರೆ ಮರಿಮಕ್ಕಳ ಗಂಟ ಇಳೀತದೆ, ನೋಡ್ತಿರು!"

ಇಳಿಯಿತು, ಇಳಿಯಬಾರದ್ದೂ ಇಳಿಯಿತು. ಕಾರ್ಡಿನಲ್ಲಿ 'ಇದ್ದಾರೆ' ಅಥವಾ 'ಲಿಂಗೈಕ್ಯ' ಎಂದು ತುಂಬುವ ಜಾಗವೊಂದಿತ್ತು. ನಮ್ಮ ಕಡೆ ಬದುಕಿರುವವರ ಮುಂದೆ 'ಇದ್ದಾರೆ' ಎಂದು ಯಾರಾದರೂ ಬರೆಯುತ್ತಾರೆಯೇ? ದೃಷ್ಟಿಯಾಗುವುದಿಲ್ಲವೇ! ಎಲ್ಲರೂ ಖಾಲಿ ಬಿಟ್ಟರು. ಎಲ್ಲಕ್ಕೂ ಮೇಲಿನ ಪುಟ ನಮ್ಮ ತಾತನದು, ತಾತ ಲಿಂಗೈಕ್ಯ. ಆ ಸಾವು ತಾತನಿಂದ ಮಕ್ಕಳಿಗೆ, ಮಕ್ಕಳಿಂದ ಸೊಸೆಯರಿಗೆ, ಮೊಮ್ಮಕ್ಕಳಿಗೆ ಸದ್ದಿಲ್ಲದೆ ಇಳಿಯಿತು.

ಕೊರಟಗೆರೆಯ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ನಾನು ಫೋನಿನಲ್ಲಿ ನನ್ನ ಕಾರ್ಡು ತೆರೆದೆ. ನನ್ನ ಫೋಟೋ ಬಣ್ಣದಲ್ಲೇ ಬಂತು. ರೆಪ್ಪೆ ಬಡಿಯುವಷ್ಟರಲ್ಲಿ ಕೆನ್ನೆಯ ಬಣ್ಣ ಹೋಯಿತು, ಸೀರೆಯ ಹಸಿರು ಹೋಯಿತು, ಬೂದಿ ಬಣ್ಣದ ಮುಖಕ್ಕೆ ಹಾರವೊಂದು ಬಂದು ಬಿತ್ತು. ಬಾಯಲ್ಲಿದ್ದ ಮುದ್ದೆ ಇಳಿಯಲಿಲ್ಲ. ನಿಜ ಹೇಳುತ್ತೇನೆ, ಪಕ್ಕದವಳನ್ನು ಕರೆದು, ಅವಳು "ಏನ್ರೀ" ಎಂದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಅಷ್ಟರಲ್ಲಿ ಕೊಳಾಲದ ಸೋದರತ್ತೆ ಚಿಕ್ಕಪ್ಪನಿಗೆ ಫೋನ್ ಮಾಡಿದ್ದರು. "ಲೇ, ನಾನ್ ಯಾವಾಗ್ಲಾ ಹೋದೆ? ಬೆಳಿಗ್ಗೆ ತಾನೆ ಹಾಲು ಕರ್ದೀವ್ನಲ್ಲಾ!" ಸಂಜೆಯಾಗುವಷ್ಟರಲ್ಲಿ ವೆಬ್‌ಸೈಟ್ ನೋಡಿದ ಪಾವಗಡದ ನೆಂಟರು ಹಾರ ಹಿಡಿದು ಅವರ ಬಾಗಿಲಿಗೆ ಬಂದಾಗಿತ್ತು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆಯನ್ನು ಕಂಡು, "ಅಯ್ಯೋ, ಬತಿಕೇ ಉಂದಿ ಕದಾ!" ಬದುಕೇ ಇದ್ದಾಳಲ್ಲ ಎಂದು ಒಬ್ಬಾಕೆ ತೆಲುಗಿನಲ್ಲಿ ಚೀರಿದರು. ಬಸ್ ಚಾರ್ಜು, ಹಾರದ ದುಡ್ಡು ದಂಡವಾಯಿತೆಂದು ಉಳಿದವರು ಅತ್ತೆಯನ್ನೇ ಬೈದರು. ಬದುಕಿದ್ದಕ್ಕೆ ಇಷ್ಟು ಬೈಸಿಕೊಂಡವರು ನಮ್ಮ ವಂಶದಲ್ಲಿ ಬೇರೆ ಇಲ್ಲ.

ಚಿಕ್ಕಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ "ಇದ್ದೀರಾ?" ಎಂದು ಕೇಳಿದರು. ಬೇರೆಯವರು ಹೇಳಿದರೆ ಒಪ್ಪುವುದಿಲ್ಲ, ಅವರವರ ಬಾಯಲ್ಲೇ "ಇದ್ದೀನಿ" ಎಂದರೆ ಮಾತ್ರ 'ಇದ್ದಾರೆ' ಎಂದು ತುಂಬುವುದು. ನಾನು ಹೇಳಿದೆ, ಅಮ್ಮ ಹೇಳಿದರು. ಮೂವತ್ತೇಳು ಮುಖಗಳಿಗೆ ಬಣ್ಣ ಮರಳಿತು.

ಉಳಿದದ್ದು ನಮ್ಮಪ್ಪ. ಒಂಬತ್ತು ವರ್ಷದ ಹಿಂದೆ ಶಿರಾಕ್ಕೆ ಹೋಗಿ ಸಂಜೆಗೆ ಬರುತ್ತೇನೆಂದು ಬಸ್ಸು ಹತ್ತಿದವರು ಬರಲಿಲ್ಲ. ಹುಡುಕದ ಆಸ್ಪತ್ರೆಯಿಲ್ಲ, ಕೇಳದ ಊರಿಲ್ಲ. "ಇದ್ದೀರಾ" ಎಂದು ಅವರನ್ನು ಯಾವ ನಂಬರಿಗೆ ಕೇಳುವುದು?

"ಲಿಂಗೈಕ್ಯ ಅಂತ ಹಾಕ್ಬುಡು. ಕಾರ್ಯ ಮುಗ್ಸಿಬುಡಾನ," ಎಂದರು ದೊಡ್ಡಪ್ಪ. ಅಮ್ಮ ಎದ್ದು ಅಡುಗೆಮನೆಗೆ ಹೋದರು.

"ನಂಗೊತ್ತಿಲ್ದಿದ್ದನ್ನ ನಾನ್ ಬರಿಯಲ್ಲ," ಎಂದರು ಚಿಕ್ಕಪ್ಪ. ಎರಡನ್ನೂ ಬರೆಯಲಿಲ್ಲ. ಖಾಲಿ ಬಿಟ್ಟರೆ ತಾತನದು ಇಳಿದೇ ಇಳಿಯುತ್ತದಲ್ಲ? ಅಪ್ಪ ಹಾರ ಹಾಕಿಕೊಂಡೇ ಇದ್ದರು.

ಒಂದು ದಿನ ಚಿಕ್ಕಪ್ಪ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು. "ಅಣ್ಣನ ಪುಟಾನ ಯಾರೋ ತೆಗೀತಾವ್ರೆ ಕಣಮ್ಮ. ಮಧ್ಯಾಹ್ನ ಆದ್ರೆ ಸಾಕು, ಐವತ್ ಸಲ, ಅರವತ್ ಸಲ. ತೆಗೆಯೋದು, ಮುಚ್ಚೋದು. ಒಂದೇ ಫೋನಿಂದ." ನಮ್ಮಿಬ್ಬರಿಗೂ ಒಂದೇ ಯೋಚನೆ ಬಂದಿರಬೇಕು. ಶಿರಾದ ಬಸ್ಸಿಳಿದು, ಎಲ್ಲೋ ಕೂತು, ತನ್ನ ಸಾವನ್ನು ತಾನೇ ನೋಡುತ್ತಿರುವ ಒಬ್ಬ ಮನುಷ್ಯ! ಅಮ್ಮನಿಗೆ ಹೇಳಬೇಕೆಂದು ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದೆ.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅಮ್ಮ ಗೋಡೆಗೊರಗಿ ಕೂತು ಫೋನ್ ಹಿಡಿದಿದ್ದರು. ಬೆರಳು ಒತ್ತುತ್ತಿತ್ತು, ಅಪ್ಪ ಬಣ್ಣದಲ್ಲಿ ಬರುತ್ತಿದ್ದರು, ಬೂದಿಯಾಗುತ್ತಿದ್ದರು, ಅಮ್ಮ ಮುಚ್ಚಿ ಮತ್ತೆ ಒತ್ತುತ್ತಿದ್ದರು.

"ಬರ್ತಾ ಚೆನ್ನಾಗೇ ಬರ್ತಾರೆ ಕಣೆ," ಎಂದರು ತಲೆಯೆತ್ತದೆ. "ಆಮೇಲೆ ಹೋಗ್ತಾರೆ."

ಚಿಕ್ಕಪ್ಪನಿಗೆ ಹೇಳಿದೆ. ಮುಂದಿನ ಬಸ್ಸಿಗೇ ಲ್ಯಾಪ್‌ಟಾಪ್ ಅವಚಿಕೊಂಡು ಬಂದರು. "ಅತ್ಗೆ, ನಿಮ್ಗೇ ಒಂದು ಪುಟ ಮಾಡ್ತೀನಿ. ಅಣ್ಣನ್ನ ತಾತನ್ ಪುಟದಿಂದ ತೆಗ್ದು ನಿಮ್ ಪುಟದೊಳಿಕ್ಕೆ ಇಕ್ತೀನಿ. ಆಗ್ಬೋದಾ?" ಗಂಡನ ಪುಟದೊಳಗೆ ಹೆಂಡತಿ ಇರಬೇಕೆಂಬುದು ಅವರೇ ಮಾಡಿದ ನಿಯಮ. ಅದನ್ನು ಅವರೇ ಮುರಿದರು. ಅಪ್ಪನ ಜಾಗದಲ್ಲಿ ಒಂದಕ್ಷರವನ್ನೂ ಬರೆಯದೆ ಖಾಲಿಯೇ ಬಿಟ್ಟರು. ಇನ್ನು ಅಲ್ಲಿಗೆ ಇಳಿಯಬೇಕಾದದ್ದು ಅಮ್ಮನ 'ಇದ್ದಾರೆ'.

ಅಮ್ಮ ಒತ್ತಿದರು. ಅಪ್ಪ ಬಣ್ಣದಲ್ಲಿ ಬಂದರು. ಮೂವರೂ ಉಸಿರು ಹಿಡಿದು ಕಾದೆವು. ಬಣ್ಣ ಹೋಗಲಿಲ್ಲ. ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಅತ್ತರು, ಒಂಬತ್ತು ವರ್ಷದಲ್ಲಿ ನಾನು ನೋಡಿದಂತೆ ಮೊದಲ ಸಲ.

ಬಸ್‌ಸ್ಟಾಂಡಿನವರೆಗೆ ಚಿಕ್ಕಪ್ಪನ ಜೊತೆ ನಡೆದೆ. ಕೇಳಬಾರದೆಂದುಕೊಂಡರೂ ಕೇಳಿದೆ: "ಚಿಕ್ಕಪ್ಪ, ಅಮ್ಮ ಆದಮೇಲೆ?"

"ಅದ್ಕೂ ಬರ್ದಿದ್ದೀನಿ. ಆಮೇಲೆ ನಿನ್ ಪುಟಕ್ಕೆ ಬತ್ತಾನೆ." ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿ ನೋಡಿದರು. "ನೀನ್ ಹೊತ್ಹೊತ್ತಿಗೆ ಉಣ್ಣು ಮತ್ತೆ."

ಅಂದಿನಿಂದ ರಸ್ತೆ ದಾಟುವಾಗ ನಾನು ಎರಡೂ ಕಡೆ ಎರಡೆರಡು ಸಲ ನೋಡುತ್ತೇನೆ. ನಾನೊಬ್ಬಳೇ ದಾಟುತ್ತಿಲ್ಲವಲ್ಲ.