ಕೆಟ್ಟ ಪೆನ್ ಡ್ರೈವಿನ ಉಪಕಾರ

ಡ್ರೈವಿಂಗ್ ಶಾಲೆಯ ಮೇಷ್ಟ್ರ ಮನೆಯಲ್ಲಿ, ಹೊಲಿಗೆ ಮೆಷಿನ್ನಿನ ಮೇಲ್ಗಡೆ ಗೋಡೆಗೊಂದು ಮೊಳೆ. ಆ ಮೊಳೆಗೆ ಕೆಂಪು ದಾರ ಕಟ್ಟಿ ಒಂದು ಸತ್ತ ಪೆನ್ ಡ್ರೈವನ್ನು ತೂಗುಹಾಕಲಾಗಿದೆ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮೇಷ್ಟ್ರು ಅದರ ಮುಂದೆ ಒಂದು ಕ್ಷಣ ನಿಂತು ತಲೆ ಬಾಗಿಸುತ್ತಾರೆ. (ಹೆಂಡತಿ ನೋಡುತ್ತಿದ್ದರೆ ಚಪ್ಪಲಿ ಹುಡುಕುತ್ತಿರುವಂತೆ ನಟಿಸುತ್ತಾರೆ.) ಈ ಭಕ್ತಿ ಸುಮ್ಮನೆ ಹುಟ್ಟಿದ್ದಲ್ಲ.

ಮೇಷ್ಟ್ರ ಹೆಂಡತಿ ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹನ್ನೆರಡು ವರ್ಷಗಳಲ್ಲಿ ಬಂದ ಗಿರಾಕಿಗಳ ಅಳತೆ, ತಾವೇ ರೂಪಿಸಿದ ನಮೂನೆಗಳು, ಎಲ್ಲವೂ ಮೂಲೆಯ ಹಳೇ ಕಂಪ್ಯೂಟರಿನಲ್ಲಿದ್ದವು. ಒಂದು ನಾಟಕ ತಂಡಕ್ಕೆ ಶನಿವಾರ ಕೊಡಬೇಕಾಗಿದ್ದ ಮೂವತ್ತೆರಡು ಉಡುಪುಗಳ ಅಳತೆಯೂ ಅಲ್ಲೇ. ಕಂಪ್ಯೂಟರಿಗೋ ವಯಸ್ಸಾಗಿತ್ತು. ಗುಂಡಿ ಒತ್ತಿದರೆ ಅರ್ಧ ಗಂಟೆ ಏದುಸಿರು ಬಿಟ್ಟು ಆಮೇಲೆ ಕಣ್ಣು ತೆರೆಯುತ್ತಿತ್ತು.

“ಇದರ ಆಪರೇಟಿಂಗ್ ಸಿಸ್ಟಂ ಪೂರ್ತಿ ಅಳಿಸಿ ಹೊಸದಾಗಿ ಹಾಕಿದ್ರೆ ಕುದುರೆ ಹಾಗೆ ಓಡುತ್ತೆ ಕಣೇ. ನಾನೇ ಹಾಕ್ತೀನಿ,” ಎಂದರು ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕುಳಿತು ಊರಿಗೆಲ್ಲ ಕಾರು ಕಲಿಸಿದವರಿಗೆ, ಯಾವ ಯಂತ್ರವಾದರೂ ತಮ್ಮ ಮಾತು ಮೀರುವುದಿಲ್ಲ ಎಂಬ ಗಟ್ಟಿ ನಂಬಿಕೆ.

“ನನ್ನ ಅಳತೆಗಳಿಗೆ ಏನಾದ್ರೂ ಆದ್ರೆ?”

“ಎಲ್ಲಾ ನನ್ನ ಪೆನ್ ಡ್ರೈವಿಗೆ ಇಳಿಸಿ ಭದ್ರ ಮಾಡಿಟ್ಟೇ ಶುರು ಮಾಡೋದು. ನನಗೇನು ಅಷ್ಟೂ ಗೊತ್ತಾಗಲ್ವಾ?”

ಬುಧವಾರ ಬೆಳಿಗ್ಗೆ ಟೈಲರಮ್ಮ ಗುಂಡಿ, ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೊರಟದ್ದೇ ತಡ, ಜೀರ್ಣೋದ್ಧಾರ ಕಾರ್ಯ ಆರಂಭವಾಯಿತು. ಹೊಸ ಸಿಸ್ಟಂ ಬರೆದಿಟ್ಟಿದ್ದ ಪೆನ್ ಡ್ರೈವನ್ನು ಚುಚ್ಚಿ ಕಂಪ್ಯೂಟರ್ ಶುರು ಮಾಡಿದರು. ಪರದೆಯ ಮೇಲೆ ಫೈಲುಗಳು ಲೋಡಾಗುತ್ತಾ ಬಂದು ಅರವತ್ತಮೂರು ಪರ್ಸೆಂಟಿಗೆ ಗಕ್ಕನೆ ನಿಂತವು. “ಫೈಲ್ ಓದಲಾಗುತ್ತಿಲ್ಲ” ಎಂದು ಬಂತು. ಮೇಷ್ಟ್ರು ಬೇರೆ ತೂತಿಗೆ ಚುಚ್ಚಿದರು. ಅರವತ್ತಮೂರು. ಇನ್ನೂ ಮಲಗಿದ್ದ ಮಗಳ ಲ್ಯಾಪ್‌ಟಾಪಿನಲ್ಲಿ ಸಿಸ್ಟಂ ಫೈಲುಗಳನ್ನೆಲ್ಲ ಮತ್ತೆ ಡೌನ್‌ಲೋಡ್ ಮಾಡಿ ಪೆನ್ ಡ್ರೈವಿಗೆ ಹೊಸದಾಗಿ ಬರೆದರು. ಅರವತ್ತೊಂದು! (ಹಿನ್ನಡೆ.) ಫ್ಯಾನಿನ ಧೂಳು ಊದಿದರು, ವೈರು ಬದಲಿಸಿದರು, ಫ್ರಿಜ್ ಆರಿಸಿದರು. ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಕಂಪ್ಯೂಟರಿನ ಹೊಟ್ಟೆಯನ್ನೇ ಬಗೆದರು.

ಮಧ್ಯಾಹ್ನ ಟೈಲರಮ್ಮ ಚೀಲ ಹಿಡಿದು ಒಳಗೆ ಬಂದಾಗ ಕತ್ತರಿಸುವ ಮೇಜಿನ ತುಂಬ ಸ್ಕ್ರೂಗಳು. ಮೇಷ್ಟ್ರ ಮೂಗಿನ ತುದಿ ಕಪ್ಪಗಾಗಿತ್ತು.

“ಕಂಪ್ಯೂಟರ್ ಒಳಗೇ ಏನೋ ಸುಟ್ಟಿದೆ,” ಎಂದು ಮೇಷ್ಟ್ರು ತೀರ್ಪು ಕೊಟ್ಟರು.

“ರೀ, ಹೊಲಿಗೆ ತಪ್ಪಿದ್ರೆ ನಾನು ಮೆಷಿನ್ ಬಿಚ್ತೀನಾ? ಮೊದಲು ಸೂಜಿ ಬದಲಾಯಿಸಿ ನೋಡ್ತೀನಿ. ಆ ಪೆನ್ ಡ್ರೈವ್‌ನಿಂದ ಬೇರೆ ಕಂಪ್ಯೂಟರ್ ಶುರು ಮಾಡಿ ನೋಡಿದ್ರಾ?”

ನೋಡಿರಲಿಲ್ಲ. ಕಾಲೇಜಿಗೆ ರಜವಿದ್ದ ಮಗಳು ತನ್ನ ಲ್ಯಾಪ್‌ಟಾಪನ್ನು ಅದರಿಂದಲೇ ಶುರು ಮಾಡಿ ನೋಡಿದಳು. ಅಲ್ಲಿಯೂ ಅರವತ್ತೊಂದಕ್ಕೇ ನಿಂತಿತು. ಸೂಜಿಯೇ ಮುರಿದಿತ್ತು! ಅವಳು ತನ್ನದೇ ಪೆನ್ ಡ್ರೈವಿಗೆ ಬರೆದುಕೊಟ್ಟಳು. ಮೇಷ್ಟ್ರು ಕಂಪ್ಯೂಟರನ್ನು ಮುಚ್ಚಿ (ಎರಡು ಸ್ಕ್ರೂ ಉಳಿದವು, ಅವು ಬೇಕಿರಲಿಲ್ಲ) ಚುಚ್ಚಿದ್ದೇ ಚುಚ್ಚಿದ್ದು, ನೀರು ಕುಡಿದಷ್ಟು ಸಲೀಸಾಗಿ ನೂರು ಮುಟ್ಟಿತು. “ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?” ಎಂದು ಕೇಳಿತು. ಮೇಷ್ಟ್ರು ಬೆರಳೆತ್ತಿದರು.

“ತಡೀರಿ,” ಎಂದರು ಟೈಲರಮ್ಮ. “ನನ್ನ ಅಳತೆಗಳು ಎಲ್ಲಿವೆ?”

“ಆಗ್ಲೇ ಹೇಳಿದ್ನಲ್ಲ, ಪೆನ್ ಡ್ರೈವಲ್ಲಿ ಭದ್ರವಾಗಿವೆ.”

“ಯಾವ ಪೆನ್ ಡ್ರೈವಲ್ಲಿ?”

ಮನೆಯಲ್ಲಿ ಮೇಷ್ಟ್ರದ್ದು ಎಂದು ಇದ್ದದ್ದು ಒಂದೇ. ಅವರ ಬೆರಳು ಗಾಳಿಯಲ್ಲೇ ನಿಂತಿತು.

“ಅಪ್ಪಾ, ಅದೇ ಪೆನ್ ಡ್ರೈವಿಗಾ ಇದನ್ನ ಬರೆದಿದ್ದು? ಬರೆಯೋಕೆ ಮುಂಚೆ, ಒಳಗಿರೋದೆಲ್ಲ ಹೋಗುತ್ತೆ ಅಂತ ಕೇಳ್ಲಿಲ್ವಾ?”

“ಕೇಳ್ತು.”

“ನೀವೇನಂದ್ರಿ?”

“ಹೂಂ ಅಂದೆ. ಎರಡು ಸಲ.”

ಮೇಷ್ಟ್ರು ಎತ್ತಿದ ಬೆರಳನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಬೆಳಿಗ್ಗೆ ಎಂಟಕ್ಕೆ, ತಡೆಯುವವರು ಯಾರೂ ಇಲ್ಲದ ಹೊತ್ತಿನಲ್ಲಿ ಆ ಪೆನ್ ಡ್ರೈವ್ ನೆಟ್ಟಗೆ ಕೆಲಸ ಮಾಡಿದ್ದರೆ, ಹನ್ನೆರಡು ವರ್ಷದ ದುಡಿಮೆಯನ್ನು ಅವರು ಶಿಳ್ಳೆ ಹಾಕುತ್ತಾ ಅಳಿಸಿರುತ್ತಿದ್ದರು. ಕಾರು ಕಲಿಯುವವರು ಗೋಡೆಗೆ ನುಗ್ಗಿದಾಗಲೆಲ್ಲ ಪಕ್ಕದ ಸೀಟಿನ ಬ್ರೇಕ್ ಒತ್ತುವವರು ಅವರು. ಇವತ್ತು ಅವರ ಪಕ್ಕ ಕುಳಿತು ಮತ್ತೆ ಮತ್ತೆ ಬ್ರೇಕ್ ಒತ್ತಿದ್ದು ಆ ಕೆಟ್ಟ ಪೆನ್ ಡ್ರೈವ್. ಕೊನೆಯ ಸಲ ಒತ್ತಿದ್ದು ಹೆಂಡತಿ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. “ನಿನ್ನ ಉಪಕಾರ ಈ ಜನ್ಮದಲ್ಲಿ ತೀರಿಸಕ್ಕಾಗಲ್ಲ,” ಎಂದರು. ಯಾರಿಗೆ ಹೇಳಿದ್ದೆಂದು ಸ್ಪಷ್ಟವಾಗಲಿಲ್ಲ, ಇಬ್ಬರಿಗೂ ಸಲ್ಲುವಂತಿತ್ತು.

ಕೆಲಸವನ್ನು ಅಲ್ಲಿಗೇ ನಿಲ್ಲಿಸಿದರು. ಹಳೇ ವ್ಯವಸ್ಥೆಯೇ ಅರ್ಧ ಗಂಟೆ ಏದುಸಿರು ಬಿಟ್ಟು ಕಣ್ಣು ತೆರೆಯಿತು. ಟೈಲರಮ್ಮ ಎಲ್ಲವನ್ನೂ ಮಗಳ ಲ್ಯಾಪ್‌ಟಾಪಿಗೆ ಇಳಿಸಿ, ಒಂದೊಂದು ಫೈಲನ್ನೂ ತೆರೆದು ನೋಡಿ, ಮೂವತ್ತೆರಡು ಅಳತೆಗಳನ್ನೂ ಎಣಿಸಿ, ಆಮೇಲೆ ತಾವೇ “ಹೂಂ” ಒತ್ತಿದರು. ಸಂಜೆಯೊಳಗೆ ಕಂಪ್ಯೂಟರ್ ನಿಜಕ್ಕೂ ಕುದುರೆಯಾಗಿತ್ತು.

“ಆದ್ರೆ ಚೆನ್ನಾಗಿದ್ದ ಪೆನ್ ಡ್ರೈವ್ ಯಾಕೆ ಕೆಡ್ತು?” ಎಂದಳು ಮಗಳು.

“ಹೋದ ಭಾನುವಾರ ನಿಮ್ಮಪ್ಪ ಬಟ್ಟೆ ಒಗೆಯೋಕೆ ಹಾಕಿದ್ರಲ್ಲ, ಪ್ಯಾಂಟಿನ ಜೇಬು ನೋಡದೆ. ಒಗೆದ ಪ್ಯಾಂಟು ಕೊಡವುವಾಗ ಸಿಕ್ತು, ಒರೆಸಿ ಮೇಜಿನ ಮೇಲಿಟ್ಟೆ,” ಎನ್ನುತ್ತಾ ಟೈಲರಮ್ಮ ಅದಕ್ಕೆ ಕೆಂಪು ದಾರ ಪೋಣಿಸಿದರು.

ಮೇಷ್ಟ್ರ ಮುಖ ಅರಳಿತು. “ಹಾಗಾದ್ರೆ ಒಂದು ಲೆಕ್ಕದಲ್ಲಿ ನಿನ್ನ ಅಳತೆಗಳನ್ನ ಉಳಿಸಿದ್ದು ನಾನೇ ಆಯ್ತಲ್ಲ!”

“ಹೌದು ರೀ, ಅದಕ್ಕೇ ಯೋಚಿಸ್ದೆ,” ಎಂದು ಟೈಲರಮ್ಮ ಮೊಳೆ ಹೊಡೆಯುತ್ತಾ ಹೇಳಿದರು. “ಇನ್ಮೇಲೆ ಕಂಪ್ಯೂಟರ್ ನಾನು ನೋಡ್ಕೋತೀನಿ. ಬಟ್ಟೆ ಒಗೆಯೋದು ವಾರ ಪೂರ್ತಿ ನಿಮಗೇ ಇರ್ಲಿ. ಅದರಲ್ಲಿ ನಿಮ್ಮ ಕೈಗುಣ ತುಂಬಾ ಚೆನ್ನಾಗಿದೆ.”