ಮಾವನ ಈರುಳ್ಳಿಗೆ ನಾನು ಕಟ್ಟಿದ ಭಾಷೆ

ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟುವುದು ಮಹಾವಿದ್ಯೆ ಎನ್ನುವವರನ್ನು ಕಂಡರೆ ನನಗೆ ಕನಿಕರ. ನಾನು ಅದನ್ನು ಒಂದು ಭಾನುವಾರ, ಊಟವಾದ ಮೇಲೆ ಕಟ್ಟಿದೆ!

ಕಾರಣ ನಮ್ಮ ಮಾವನವರು. ಬೆಳಗಾವಿ ಕಡೆಯ ಅವರಿಗೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿಯ ಸಗಟು ಅಂಗಡಿ. ಅದೇ ಊರಿನ ಹಡಪಸರದ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ಮಾಡುವುದೇನೆಂದು ಅವರಿಗೆ ಇಂದಿಗೂ ತಿಳಿಯದು. ನೆಂಟರ ಮುಂದೆ "ಅಳಿಯಂದ್ರು ಟೈಪಿಂಗ್ ಮಾಡ್ತಾರ" ಎಂದು ಪರಿಚಯಿಸುತ್ತಿದ್ದರು. ಈ ಅವಮಾನವನ್ನು ತೊಳೆಯಲೇಬೇಕಿತ್ತು. "ಉಳ್ಳಾಗಡ್ಡಿ ದರ ಇಷ್ಟು" ಎಂದು ಅವರು ಬರೆದರೆ ಕಂಪ್ಯೂಟರ್ ಅರ್ಥಮಾಡಿಕೊಂಡು ಅಂಗಡಿಯ ಪರದೆಯಲ್ಲಿ ತೋರಿಸುವಂಥ ಪುಟ್ಟ ಭಾಷೆ ನನ್ನದು.

ಅದು ಸ್ವಲ್ಪ ಬಡಕಲಾಗಿತ್ತು, ನಿಜ. ಆಫೀಸಿನ ಇಬ್ಬರು ತಮ್ಮ ತಮ್ಮ ಪಾಡಿಗೆ ಒಂದೊಂದು ವಿಸ್ತರಣೆ, ಅಂದರೆ ಭಾಷೆಗೊಂದು ಹೊಸ ನಿಯಮ, ಬರೆದುಕೊಟ್ಟರು. ಮೈಸೂರಿನ ಸುಷ್ಮಾಳದು: ದರ ಬದಲಾದರೆ ಗಿರಾಕಿಗಳಿಗೆಲ್ಲ ನನ್ನ ನಂಬರಿನಿಂದ ಮೆಸೇಜ್ ಹೋಗಬೇಕು. ಧಾರವಾಡದ ಗಿರೀಶನದು: ಮೆಸೇಜ್ ಹೋದರೆ ಗಿರಾಕಿಗಳು ಮುಗಿಬೀಳುತ್ತಾರೆ, ಆದ್ದರಿಂದ ದರ ಒಂದು ರೂಪಾಯಿ ಏರಬೇಕು. ಬೇರೆ ಬೇರೆಯಾಗಿ ಪರೀಕ್ಷಿಸಿದೆ. ಎರಡೂ ಮುತ್ತಿನಂಥವು!

"ಎರಡೂ ಕೂಡಿಸಿ ನೋಡೀರೇನ್ರಿ?" ಹೆಂಡತಿ ಜಯಶ್ರೀ ಕೇಳಿದಳು.

"ಒಳ್ಳೇದಕ್ಕ ಒಳ್ಳೇದು ಕೂಡಿದ್ರ ಕೆಟ್ಟದ್ದು ಹೆಂಗ ಆಗ್ತದ?"

"ಪಾಯಸಾನೂ ಛಲೋ ಅದ, ಖಾರದ ಝುಣಕಾನೂ ಛಲೋ ಅದ. ಒಂದ ಪಾತೇಲ್ಯಾಗ ಹಾಕ್ಲೇನು?"

ಅಡುಗೆಮನೆಯ ಆಕ್ಷೇಪಣೆಗಳಿಗೆ ಎಂಜಿನಿಯರುಗಳು ಉತ್ತರಿಸುವುದಿಲ್ಲ. ಎರಡನ್ನೂ ಕೂಡಿಸಿಕೊಂಡು ಮಾವನವರ ಅಂಗಡಿಗೆ ಹೊರಟುಬಿಟ್ಟೆ.

ಮಾವನವರು ಊದುಬತ್ತಿ ಹಚ್ಚಿ ಬೆಳಗಿನ ದರ ಬರೆದರು. ಮೆಸೇಜ್ ಹೋಯಿತು. ಮೆಸೇಜ್ ಹೋಯಿತೆಂದು ದರ ಏರಿತು. ದರ ಏರಿತೆಂದು ಮೆಸೇಜ್ ಹೋಯಿತು. ಮುಂದಿನದನ್ನು ಹೇಳಬೇಕೆ? ನಾನು ಚಹಾ ಮುಗಿಸುವಷ್ಟರಲ್ಲಿ ಈರುಳ್ಳಿ ಸೇಬನ್ನು ದಾಟಿ ಬಾದಾಮಿಯ ಕಡೆಗೆ ಹೊರಟಿತ್ತು!

"ಅಹೋ ಶೇಟ್, ಕಾಂದಾ ಆಹೆ ಕೀ ಸೋನಂ?" ಎಂದು ಹಳೆಯ ಗಿರಾಕಿಯೊಬ್ಬರು ಬಾಗಿಲಿಗೇ ಬಂದರು. ಇದು ಈರುಳ್ಳಿಯೋ ಬಂಗಾರವೋ ಎಂಬುದು ಅವರ ನ್ಯಾಯವಾದ ಸಂಶಯ.

ಗಾಬರಿಯಿಂದ ಫೋನ್ ಹಚ್ಚಿದೆ. "ಸರ್, ನಂದು ಪರ್ಫೆಕ್ಟಾಗಿದೆ. ಗಿರೀಶ್‌ದು ಚೆಕ್ ಮಾಡಿ" ಎಂದಳು ಸುಷ್ಮಾ. "ನಂದೇನೂ ತಪ್ಪಿಲ್ರಿ, ಆಕೀದು ನೋಡ್ರಿ" ಎಂದ ಗಿರೀಶ. ಇಬ್ಬರೂ ಹೇಳಿದ್ದು ಸತ್ಯವೇ! ನಮ್ಮ ಉದ್ಯಮ ನಿಂತಿರುವುದೇ ಇಂಥ ಸತ್ಯವಂತರ ಮೇಲೆ.

ಯಂತ್ರ ನಿಲ್ಲಿಸಿದರೆ ಸೋಲೊಪ್ಪಿದಂತೆ. ಆದ್ದರಿಂದ ಅಲ್ಲೇ ಕುಳಿತು ಮೂರನೆಯ ವಿಸ್ತರಣೆಯನ್ನು ಖುದ್ದಾಗಿ ಬರೆದೆ: ದರ ಬಾದಾಮಿಯನ್ನು ಮುಟ್ಟಿದರೆ ಬೆಳಗಿನ ದರಕ್ಕೆ ಇಳಿಸು. ಇಳಿಯಿತು! ಆದರೆ ಇಳಿದದ್ದೂ ಬದಲಾವಣೆಯೇ ಅಲ್ಲವೇ? ಮೆಸೇಜ್ ಹೋಯಿತು. ಅಗ್ಗವಾಯಿತೆಂದು ಓಡಿಬಂದವರು ಅಂಗಡಿ ಮುಟ್ಟುವಷ್ಟರಲ್ಲಿ ದರ ಮತ್ತೆ ಸೇಬನ್ನು ದಾಟಿತ್ತು. ಈಗ ಜನ ನನ್ನನ್ನೇ ಹುಡುಕತೊಡಗಿದರು.

ಮಾವನವರು ಎದ್ದು ಪ್ಲಗ್ ಕಿತ್ತರು. ಹಳೆಯ ಕರಿಹಲಗೆ ಒರೆಸಿ ಸೀಮೆಸುಣ್ಣದಿಂದ ದರ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯಂದ್ರ, ಆ ಹುಡುಗಿ ಶಾಣ್ಯಾಕಿ ಏನು?"

"ಹೌದ್ರಿ."

"ಆ ಹುಡುಗ?"

"ಅವನೂ ಭಾಳ ಶಾಣ್ಯಾ ರೀ."

"ಮತ್ತ ಕೂಡಿಸಿದವ್ರು ಯಾರು?"

ನಾನು ಕಿತ್ತ ಪ್ಲಗ್ಗಿನ ತಂತಿಯನ್ನು ನೀಟಾಗಿ ಸುತ್ತತೊಡಗಿದೆ.

ಇಡೀ ಯಾರ್ಡ್ ನನ್ನ ನಂಬರನ್ನು ಬ್ಲಾಕ್ ಮಾಡಿದೆ. ಮೊದಲು ಮಾಡಿದವರು ಮಾವನವರು. ಕ್ಷಮೆ ಕೇಳಬೇಕೆಂದರೂ ಈಗ ಜಯಶ್ರೀಯ ಫೋನೇ ಗತಿ. ಅವಳು ನಾನು ಹೇಳಲಿರುವುದನ್ನು ಮೊದಲು ಪೂರ್ತಿ ಕೇಳುತ್ತಾಳೆ. ಅಪ್ಪನ ಸಿಟ್ಟು ಎಷ್ಟಿದೆಯೆಂದು ಅವ್ವನನ್ನು ವಿಚಾರಿಸುತ್ತಾಳೆ. ಎರಡನ್ನೂ ಕೂಡಿಸಿದರೆ ಅಪಾಯವಿಲ್ಲ ಎಂದು ಖಾತ್ರಿಯಾದರೆ ಮಾತ್ರ ಫೋನ್ ಕೊಡುವಳಂತೆ.

ಇನ್ನೂ ಕೊಟ್ಟಿಲ್ಲ!