ಚೀಲಕ್ಕೆ ಕಟ್ಟಿದ ಬೆಲ್ಟು

ಜೀಪಿನ ಬೆಲ್ಟಿಗೆ ನಾನು ತೆತ್ತ ಬೆಲೆ ಮುಂದಿನ ಹಲ್ಲುಗಳು ಮತ್ತು ನೆಟ್ಟಗಿದ್ದ ಒಂದು ದವಡೆ. ಇಷ್ಟು ದುಬಾರಿ ಯಾಕಾಯಿತೆಂದರೆ, ಅದು ಪುಕ್ಕಟೆ ಬಂದಿತ್ತು. ಪುಕ್ಕಟೆ ಬಂದದ್ದನ್ನು ದುಡಿಸಿಕೊಳ್ಳದೆ ಬಿಡುವ ಆಸಾಮಿ ನಾನಲ್ಲ. ಆಳಂದದ ಬಜಾರಿನಲ್ಲಿ ಚೀಲ ಹೊತ್ತು, ಬರೀ ಬಾಯಿಯ ಬಲದಿಂದ ತೊಗರಿ ದಲಾಲನಾದವನು. ಅಂಗಡಿ, ತಕ್ಕಡಿ, ಗಾದಿ ಎಲ್ಲ ಆಮೇಲೆ ಬಂದವು, ಬಂಡವಾಳ ಬಾಯಿಯೊಂದೇ.

ತೊಂಬತ್ತರ ದಶಕದ ನಡುವೆ ಹೊಸ ಜೀಪು ತಂದಾಗ ಮುಂದಿನ ಎರಡೂ ಸೀಟಿಗೆ ಕರೀ ಪಟ್ಟಿಗಳಿದ್ದವು. ಸರಕಾರದ ಕಾಯ್ದೆಯಂತೆ, ಕಟ್ಟಿಕೊಳ್ಳದಿದ್ದರೆ ನೂರು ರೂಪಾಯಿ ದಂಡವಂತೆ. ನಾನು ಲೆಕ್ಕ ಹಾಕಿದೆ. ನನ್ನ ತಿರುಗಾಟವೆಲ್ಲ ಆಳಂದ, ಅಫಜಲಪುರ, ಜೇವರ್ಗಿ. ಈ ರಸ್ತೆಗಳಲ್ಲಿ ಬೆಲ್ಟು ಕೇಳಿದ ಪೊಲೀಸನನ್ನು ಯಾರೂ ಕಂಡಿರಲಿಲ್ಲ. ಗುಲಬರ್ಗಾದಲ್ಲಿ ಎಂದಾದರೂ ಸಿಕ್ಕಿಬಿದ್ದರೂ, ಆ ದಂಡ ನನ್ನ ಹಗ್ಗದ ಖರ್ಚಿಗಿಂತ ಕಡಿಮೆ. ಜೀಪಿನ ತಲೆಯ ಮೇಲೆ ಚೀಲ ಬಿಗಿಯುವ ಹಗ್ಗಗಳು ಸುಗ್ಗಿ ಮುಗಿಯುವುದರೊಳಗೆ ಹರಿದು ಚಿಂದಿಯಾಗುತ್ತಿದ್ದವು. ಗ್ಯಾರೇಜಿನ ಮಿಸ್ತ್ರಿಯನ್ನು ಕರೆಸಿ ಎರಡೂ ಬೆಲ್ಟು ಬಿಚ್ಚಿಸಿದೆ, ಚೀಲಕ್ಕೆ ಬಿಗಿಸಿದೆ. ನೋಡಿದವರೆಲ್ಲ ತಲೆದೂಗಿದರು. ಅಕ್ಕಪಕ್ಕದ ಅಂಗಡಿಯವರು ನನ್ನನ್ನು ನೋಡಿ ತಮ್ಮ ಗಾಡಿಯ ಬೆಲ್ಟನ್ನೂ ಬಿಚ್ಚಿಸಿಕೊಂಡರು.

ಸುಗ್ಗಿಯ ಆರಂಭದಲ್ಲಿ ಒಂದು ದಿನ, ತೊಗರಿ ಹೇರಿಕೊಂಡು ನಾವು ಭೂಸನೂರ ದಾಟಿದ ಮೇಲೆ ಒಂದು ಕಬ್ಬಿನ ಲಾರಿ, ಕೈ ತೋರಿಸದೆ, ದೀಪ ಹಾಕದೆ, ಸಕ್ಕರೆ ಫ್ಯಾಕ್ಟರಿ ಕಡೆಗೆ ತಟ್ಟನೆ ಅಡ್ಡ ತಿರುಗಿತು, ಜೀಪು ಹೋಗಿ ಅದಕ್ಕೆ ಗುದ್ದಿತು. ಡ್ರೈವರ್ ಮೆಹಬೂಬನ ಎದೆಗೆ ಸ್ಟೇರಿಂಗು ಬಡಿಯಿತು. ನಾನು ಮುಖ ಮುಂದು ಮಾಡಿಕೊಂಡು ಹೋಗಿ ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿದೆ. ರಕ್ತದ ನಡುವೆಯೂ ಕೈಸನ್ನೆ ಮಾಡಿ ಮಾಲಿನ ಗತಿ ಕೇಳಿದೆನಂತೆ. ಮೆಹಬೂಬ ಕೆಮ್ಮುತ್ತ ಇಳಿದು ನೋಡಿ ಬಂದು ಹೇಳಿದ: "ಮಾಲು ಕುಂತಲ್ಲೇ ಕುಂತದ ಸಾವಕಾರ್ರ. ನೀವೇ ಜರಾ ಸರದೀರಿ."

ಸೊಲ್ಲಾಪುರದ ಡಾಕ್ಟರು ದವಡೆಗೆ ತಂತಿ ಬಿಗಿದರು. ಸುಗ್ಗಿಯಿಡೀ ನಳಿಗೆಯಲ್ಲಿ ಅಂಬಲಿ ಹೀರಿದೆ. ತಂತಿ ಬಿಚ್ಚಿದ ಮೇಲೂ ಮಾತು ಸೊಟ್ಟಗೇ ಉಳಿಯಿತು. ಹಳೆಯ ರೈತರು ಬಂದರು, ಚಹಾ ಕುಡಿದರು, ಮಾಲನ್ನು ಎದುರಿನ ಅಂಗಡಿಗೆ ಇಳಿಸಿದರು.

ಬಾಯಿಯೇ ದುಕಾನಾದವನಿಗೆ ಬಾಯಿಯ ಪರಿಹಾರವೊಂದೇ ಆಸರೆ. ಗುಲಬರ್ಗಾದಲ್ಲಿ ಲಾರಿಯ ವಿಮೆ ಕಂಪನಿಯ ಮೇಲೆ ಕೇಸು ಹಾಕಿದೆ. ತಪ್ಪು ಲಾರಿಯದೇ ಎಂದು ಎಲ್ಲರೂ ಒಪ್ಪುವಂತಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಹೆಚ್ಚಿಗೆ ಒಂದಕ್ಷರ ಬೇಡ ಎಂದು ನಮ್ಮ ವಕೀಲರು ಕೈಮುಗಿದು ಹೇಳಿದ್ದರು. ಎದುರು ವಕೀಲ ತೀರಾ ಮರ್ಯಾದಸ್ಥ. ನನ್ನ ದವಡೆಗೆ ಮರುಗಿದ, ನನ್ನ ವ್ಯಾಪಾರವನ್ನು ಹೊಗಳಿದ, ಆಮೇಲೆ ಮೆಲ್ಲಗೆ, "ಪಾಪ, ಮಾಲೂ ಹಾಳಾಗಿರಬೇಕಲ್ರೀ ಸಾವಕಾರ್ರ?" ಎಂದ.

"ಒಂದ್ ಕಾಳ ಸೈತ ಚೆಲ್ಲಿಲ್ರೀ," ಎಂದೆ.

"ಅಂಥ ಗಟ್ಟಿ ಹಗ್ಗ ಎಲ್ಲಿ ಸಿಗ್ತದ್ರೀ?"

"ಹಗ್ಗ ಅಲ್ರೀ, ಕಂಪನಿ ಬೆಲ್ಟ. ಸೀಟಿಂದು ಬಿಚ್ಚಿಸಿ ಕಟ್ಟೀನಿ. ಫುಕಟ್."

ವಕೀಲ ನಮಸ್ಕಾರ ಮಾಡಿ ಕುಳಿತ. ಪ್ರಾಣ ಕಾಯಲು ಕೊಟ್ಟದ್ದನ್ನು ತೊಗರಿ ಕಾಯಲು ಹಚ್ಚಿದವನದೂ ತಪ್ಪಿದೆ ಎಂದು ನ್ಯಾಯಾಧೀಶರು ಪರಿಹಾರದಲ್ಲಿ ರೂಪಾಯಿಗೆ ನಾಲ್ಕಾಣೆ ಪಾಲು ಮುರಿದರು. ನನ್ನ ಹೆಂಡತಿ ಮಹಾನಂದಾ ಕೋರ್ಟಿನ ಮೆಟ್ಟಿಲಿಳಿಯುವಾಗ ಒಂದೇ ಮಾತು ಆಡಿದಳು: "ದವಡಿ ಮುರದ್ರೂ ಬಡಾಯಿ ಮುರೀಲಿಲ್ಲ ನೋಡ್ರಿ."

ಆದ್ದರಿಂದ ಓದುಗ ಮಹಾಶಯರೇ, ಬೆಲ್ಟು ಕಟ್ಟಿಕೊಳ್ಳಿ. ದಂಡ ನೂರೇ ಎಂದು ಲೆಕ್ಕ ಹಾಕಬೇಡಿ. ಕಾಯ್ದೆ ಬರೆದವನು ಬರೀ ಮುಂಗಡ ಹೇಳಿದ್ದಾನೆ, ಬಾಕಿ ವಸೂಲಿ ರಸ್ತೆಯದು. ಚೀಲಕ್ಕೆ ಹಗ್ಗ ಕೊಳ್ಳಿ, ಹೇಳಿದ ದರಕ್ಕೇ ಕೊಳ್ಳಿ. ಕಟಕಟೆಯಲ್ಲಿ ಯಾರಾದರೂ ನಿಮ್ಮ ಜಾಣತನ ಹೊಗಳಿದರೆ ನೀರು ಕೇಳಿ ಕುಡಿಯಿರಿ. ಈಗ ನಾನು ಬಜಾರಿನಲ್ಲಿ ದರ ಕೂಗಿದರೆ ಜನ "ಏನಂದ್ರಿ?" ಎನ್ನುತ್ತಾರೆ, ಮತ್ತೊಮ್ಮೆ ಹೇಳಬೇಕಾಗುತ್ತದೆ. ವ್ಯಾಪಾರ ಬಲ್ಲವರನ್ನು ಕೇಳಿ ನೋಡಿ: ಎರಡನೇ ಸಲ ಹೇಳಿದ ದರಕ್ಕೆ ಯಾರೂ ಅಂಜುವುದಿಲ್ಲ.